ಕೆಂಪಿ ತಾನಾಗಿ ನೆಟ್ಟಗಾಗುವುದಿಲ್ಲ

"ನೋಡ್ತಿರಿ, ಈಗ ಕೈ ಬಿಡ್ತೀನಿ," ಎಂದಳು ಸ್ಕ್ರೂ.

ರಿಮೋಟಿನ ಮೇಲಿಂದ ಎರಡೂ ಹೆಬ್ಬೆರಳು ಎತ್ತಿ ಆರಾಮಾಗಿ ಮೂಗು ಕೆರೆದುಕೊಂಡಳು. ಆಕಾಶದಲ್ಲಿ ಹಳದಿ ವಿಮಾನ ಒಂದು ಕಡೆಗೆ ವಾಲಿತು. ಚೆಂಡಾಟ ನಿಲ್ಲಿಸಿ ನೋಡುತ್ತಿದ್ದ ಗ್ರೌಂಡಿನ ಮಕ್ಕಳು ಬಾಯಿ ತೆರೆದರು. ಇನ್ನೇನು ಬಿದ್ದೇಬಿಟ್ಟಿತು ಅನ್ನುವಾಗ ವಿಮಾನ ಒಮ್ಮೆ ತೂಗಾಡಿ, ತಾನಾಗಿಯೇ ನೆಟ್ಟಗಾಗಿ, ಏನೂ ಆಗೇ ಇಲ್ಲವೆಂಬಂತೆ ಮುಂದೆ ಹೋಯಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಸ್ಕ್ರೂ ಬೀಗಿದಳು. ಚಪ್ಪಾಳೆ ತನಗೆ ಎಂದು ಅವಳು ತಿಳಿದಿದ್ದಳು. ಪಾಪ, ವಿಮಾನಕ್ಕೆ ಚಪ್ಪಾಳೆಯ ಆಸೆ ಇರಲಿಲ್ಲ, ಆದ್ದರಿಂದ ಜಗಳವಾಗಲಿಲ್ಲ.

ಸ್ಕ್ರೂ ಎಂಬುದು ಅವಳ ನಿಜವಾದ ಹೆಸರಲ್ಲ. ಮೂರು ವರ್ಷದವಳಿದ್ದಾಗ ದೊಡ್ಡಮ್ಮನ ಕನ್ನಡಕದ ಅಂಗಡಿಗೆ ಹೋಗಿ, ಡಬ್ಬಿಯಲ್ಲಿದ್ದ ಪುಟಾಣಿ ಸ್ಕ್ರೂಗಳನ್ನೆಲ್ಲ ಜೇಬಿಗೆ ತುಂಬಿಕೊಂಡು ಬಂದಿದ್ದಳು. ಅಂದು ಅಂಟಿದ ಹೆಸರು ಇನ್ನೂ ಬಿಟ್ಟಿಲ್ಲ. ತಮ್ಮನಿಗೂ ಒಂದು ಒಳ್ಳೆಯ ಹೆಸರಿದೆ. ಆದರೆ ಅವನ ಗಂಟಲು ಬೀದಿಯ ಆ ತುದಿಗೂ ಕೇಳಿಸುತ್ತದೆ, ಹಾಗಾಗಿ ಅವನು ಪೀಪಿ.

ಹಳದಿ ವಿಮಾನದ ಹೆಸರು ಬಾತು. ಅದನ್ನು ದೊಡ್ಡಮ್ಮ ಸ್ವಂತ ಕೈಯಿಂದ ಮಾಡಿದ್ದು. ಮೂತಿ ದಪ್ಪ, ಮೈತುಂಬಾ ಟೇಪು. ರೆಕ್ಕೆ ಬೆನ್ನಿನ ಮೇಲಿದೆ, ಅದರ ಎರಡೂ ತುದಿ ಸ್ವಲ್ಪ ಮೇಲಕ್ಕೆ ಬಾಗಿವೆ. ಹಾಗಿರುವುದರಿಂದಲೇ ಅದು ವಾಲಿದರೂ ತಾನಾಗಿ ನೆಟ್ಟಗಾಗುತ್ತದೆ. ಕಲಿಯುವವರಿಗೆಂದೇ ಮಾಡುವ ಇಂಥ ವಿಮಾನಕ್ಕೆ ಟ್ರೇನರ್ ಅನ್ನುತ್ತಾರೆ.

ಮೊದಮೊದಲು ಸ್ಕ್ರೂ ಬಾತನ್ನು ಒಬ್ಬಳೇ ಹಾರಿಸುತ್ತಿರಲಿಲ್ಲ. ಅವಳ ಕೈಯಲ್ಲಿ ಒಂದು ರಿಮೋಟ್, ದೊಡ್ಡಮ್ಮನ ಕೈಯಲ್ಲಿ ಒಂದು, ನಡುವೆ ಒಂದು ವೈರ್. ದೊಡ್ಡಮ್ಮ ತನ್ನ ರಿಮೋಟಿನ ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಸ್ಕ್ರೂ ಮಾತು ಕೇಳುತ್ತಿತ್ತು. ಬೆರಳು ತೆಗೆದರೆ ಸಾಕು, ದೊಡ್ಡಮ್ಮನ ಕೈಗೆ ಹೋಗುತ್ತಿತ್ತು. ಈಗ ವೈರ್ ಡಬ್ಬಿ ಸೇರಿದೆ.

"ನಾನು ಈಗ ಎಕ್ಸ್‌ಪರ್ಟ್ ಅಲ್ವಾ ದೊಡ್ಡಮ್ಮ?" ಎಂದು ಕೇಳಿದಳು ಸ್ಕ್ರೂ.

"ಬಾತು ಎಕ್ಸ್‌ಪರ್ಟು," ಎಂದಳು ದೊಡ್ಡಮ್ಮ. "ನೀನು ಯಾರು ಅಂತ ಕೆಂಪಿ ಹೇಳ್ತಾಳೆ."

ಕೆಂಪಿ ಎಂಬ ಆ ಹೊಸ ವಿಮಾನ ಆಗ ಇನ್ನೂ ಮನೆಯ ಊಟದ ಮೇಜಿನ ಮೇಲೆ ಅರ್ಧ ತಯಾರಾಗಿ ಮಲಗಿತ್ತು. ರಜೆ ಪೂರ್ತಿ ಸ್ಕ್ರೂ ಮತ್ತು ದೊಡ್ಡಮ್ಮ ಅದನ್ನೇ ಕಟ್ಟಿದ್ದು. ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಹಗುರ ಮರದ ತೆಳು ಹಲಗೆಯನ್ನು ಬ್ಲೇಡಿನಲ್ಲಿ ಕೊಯ್ದು, ಅಂಟು ಹಾಕಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ರೆಕ್ಕೆ ಮಾಡಿದರು. ಅದರ ಮೇಲೆ ಕೆಂಪು ಪ್ಲಾಸ್ಟಿಕ್ ಹಾಳೆ ಹೊದಿಸಿ ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ಬಿಗಿದರು. ಮಾರನೇ ದಿನ ಅಮ್ಮ ಆಫೀಸಿಗೆ ಹಾಕಿಕೊಂಡು ಹೋದ ಬಿಳಿ ಅಂಗಿಯ ಬೆನ್ನಮೇಲೆ ಉದ್ದಕ್ಕೂ ಒಂದು ಕೆಂಪು ಪಟ್ಟೆ ಇತ್ತು. ಆಮೇಲೆ ಎರಡು ದಿನ ಮನೆಯಲ್ಲಿ ವಿಮಾನದ ಸುದ್ದಿ ಯಾರೂ ಎತ್ತಲಿಲ್ಲ.

ಕೆಂಪಿಯ ರೆಕ್ಕೆ ಹೊಟ್ಟೆಯ ಕೆಳಗಿತ್ತು, ಸ್ಕೇಲಿನಷ್ಟು ನೇರ. ಅದು ತಲೆಕೆಳಗಾಗಿ ಹಾರಬಲ್ಲದು, ಗಿರಕಿ ಹೊಡೆಯಬಲ್ಲದು. ಹೇಳಿದ ಕಡೆಗೇ ಹೋಗುತ್ತದೆ. ಅದರ ರಿಮೋಟ್ ಹೊಸದು, ಹಳೆಯ ವೈರ್ ಅದಕ್ಕೆ ಕೂರುವುದಿಲ್ಲ. ಸ್ಕ್ರೂಗೆ ಅದೇನೂ ಚಿಂತೆಯಾಗಲಿಲ್ಲ. ವೈರ್ ಪೀಪಿಯಂಥ ಚಿಕ್ಕವರಿಗೆ.

ಹಾರಿಸುವ ದಿನ ಬಂತು. ದೊಡ್ಡಮ್ಮ ಹೊರಡುವ ಮುಂಚೆ ಎಂದಿನಂತೆ ಬಾಗಿಲಲ್ಲಿ ನಿಂತು ತನ್ನ ಕನ್ನಡಕ ಒರೆಸಿಕೊಂಡಳು. ಅದಕ್ಕೆಂದೇ ಒಂದು ನೀಲಿ ಬಟ್ಟೆಯ ತುಂಡು ಅವಳ ಚೀಲದಲ್ಲಿರುತ್ತದೆ. ಬಾಯಿಂದ ಹಾ ಎಂದು ಉಸಿರು ಬಿಟ್ಟು, ಒರೆಸಿ, ಬೆಳಕಿಗೆ ಹಿಡಿದು, ಇನ್ನೊಮ್ಮೆ ಒರೆಸುತ್ತಾಳೆ. ಅಂಗಡಿಯವಳ ಕನ್ನಡಕವೇ ಮಂಕಾಗಿದ್ದರೆ ಯಾರು ಬರ್ತಾರೆ ಎಂಬುದು ಅವಳ ವಾದ. ಆ ಕನ್ನಡಕ ತೆಗೆದರೆ ಮಾತ್ರ ಎದುರಿಗೆ ಆನೆ ನಿಂತರೂ ಅವಳಿಗೆ ಕಾಣುವುದಿಲ್ಲ.

ಗ್ರೌಂಡಿನಲ್ಲಿ ದೊಡ್ಡಮ್ಮನೇ ಕೆಂಪಿಯನ್ನು ಮೇಲೇರಿಸಿದಳು. ಎರಡು ಸುತ್ತು ಹಾಕಿಸಿ, ಚೆನ್ನಾಗಿ ಎತ್ತರಕ್ಕೆ ಒಯ್ದು ರಿಮೋಟನ್ನು ಸ್ಕ್ರೂ ಕೈಗೆ ಕೊಟ್ಟಳು.

ಏನು ಮಜಾ. ಬೆರಳು ಎಷ್ಟು ಕದಲಿದರೆ ಅಷ್ಟೇ ಕೆಂಪಿ ತಿರುಗುತ್ತಿತ್ತು. ಬಾತು ಕಿವಿ ಕೇಳದ ಅಜ್ಜನಂತೆ, ಹೇಳಿದ್ದನ್ನು ಯೋಚಿಸಿ ನಿಧಾನವಾಗಿ ಮಾಡುತ್ತಿತ್ತು. ಕೆಂಪಿ ಹಾಗಲ್ಲ. ಸ್ಕ್ರೂ ಅದನ್ನು ದೂರ ಕಳಿಸಿ, ಒಂದು ಟರ್ನ್ ತೆಗೆದು, ತನ್ನ ಕಡೆಗೆ ತಿರುಗಿಸಿದಳು. ಈಗ ಅದು ಅವಳ ಎದುರಿಗೇ ಬರುತ್ತಿತ್ತು. ವಾಲಿಕೊಂಡಿತ್ತು. ಎಡ ಯಾವುದು, ಬಲ ಯಾವುದು ಎಂದು ಒಂದು ಕ್ಷಣ ತಿಳಿಯಲಿಲ್ಲ.

ಅವಳು ಎಂದಿನಂತೆ ಕೈ ಬಿಟ್ಟಳು.

ಕೆಂಪಿ ವಾಲಿದ್ದು ವಾಲಿದಂತೆಯೇ ಇತ್ತು. ಮೂತಿ ಮೆಲ್ಲಗೆ ಕೆಳಗಾಯಿತು. ವೇಗ ಹೆಚ್ಚಿತು. ದೊಡ್ಡಮ್ಮ ಕೈ ಚಾಚುವಷ್ಟರಲ್ಲಿ ಗ್ರೌಂಡಿನ ಅಂಚಿನ ಎತ್ತರದ ಹುಲ್ಲಿನಲ್ಲಿ ಚಟಾರ್ ಎಂದು ಸದ್ದಾಯಿತು.

ಎರಡೂ ರೆಕ್ಕೆಗಳ ಕಡ್ಡಿಗಳು ಮುರಿದಿದ್ದವು. ಕೆಂಪು ಹಾಳೆ ಹರಿದು ನೇತಾಡುತ್ತಿತ್ತು. ಅಂದು ಚಪ್ಪಾಳೆ ತಟ್ಟಿದ್ದ ಮಕ್ಕಳು ಇಂದೂ ಓಡಿ ಬಂದಿದ್ದರು. ಸ್ಕ್ರೂಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ಸರಿಯಿಲ್ಲ," ಎಂದಳು. "ನಾನು ಕೈ ಬಿಟ್ಟೆ. ಬಾತು ಆಗಿದ್ರೆ ನೆಟ್ಟಗಾಗ್ತಿತ್ತು."

"ಹೌದು, ಆಗ್ತಿತ್ತು," ಎಂದಳು ದೊಡ್ಡಮ್ಮ. ಬೈಯಲಿಲ್ಲ. ತುಂಡುಗಳನ್ನೆಲ್ಲ ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕಿದಳು. ಬೈದಿದ್ದರೆ ಸ್ಕ್ರೂಗೆ ಇಷ್ಟು ಅಳು ಬರುತ್ತಿರಲಿಲ್ಲ.

ಮನೆಗೆ ಬಂದವಳೇ ಅವಳು ಇನ್ನು ಕೆಂಪಿಯನ್ನು ಮುಟ್ಟುವುದಿಲ್ಲ ಎಂದು ಸಾರಿದಳು. ಬಾತು ಇದೆಯಲ್ಲ, ಅಷ್ಟು ಸಾಕು. ಊಟದ ಮೇಜು ವಾಪಸು ಸಿಕ್ಕಿತೆಂದು ಅಮ್ಮನಿಗೆ ಒಳಗೊಳಗೇ ಖುಷಿಯಾಗಿರಬೇಕು, ಆದರೆ ಮಗಳ ಮುಖ ನೋಡಿ ತೋರಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಗಾಳಿ ಸ್ವಲ್ಪ ಜೋರಾಗಿತ್ತು. ಸ್ಕ್ರೂ ಬಾತನ್ನು ತನ್ನ ಕಾಲ ಬಳಿ ಇಳಿಸಲು ನೋಡಿದಳು. ಬಾತು ತೂಗಾಡುತ್ತಾ, ತನ್ನ ಪಾಡಿಗೆ ತಾನು ನೆಟ್ಟಗಾಗುತ್ತಾ, ಗಾಳಿ ತಳ್ಳಿದ ಕಡೆಗೆ ಹೋಗಿ ಕಾಂಪೌಂಡಿನ ಹತ್ತಿರ ಕೂತಿತು. ಸ್ಕ್ರೂ ಏದುಸಿರು ಬಿಡುತ್ತಾ ಓಡಿ ತಂದಳು. ಎರಡನೇ ಸಲ ಅದು ಚೆಂಡಾಟದ ಮಧ್ಯದಲ್ಲಿ ಇಳಿಯಿತು. ಮೂರನೇ ಸಲ ಚರಂಡಿಯ ಪಕ್ಕ.

ಪೀಪಿ ಕಲ್ಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದ.

"ಅಕ್ಕ ಹೇಳಿದಲ್ಲಿ ಬಾತು ಇಳಿಯಲ್ಲ," ಎಂದ ತನ್ನ ಎಂದಿನ ಗಂಟಲಿನಲ್ಲಿ. "ಬಾತು ಇಳಿದಲ್ಲಿಗೆ ಅಕ್ಕ ಓಡ್ತಾಳೆ."

ಗ್ರೌಂಡಿಗೆ ಗ್ರೌಂಡೇ ನಕ್ಕಿತು. ಸ್ಕ್ರೂ ಮುಖ ಊದಿಸಿಕೊಂಡು ಬಾತನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದಳು. ಸಿಟ್ಟು ಬಂದಿದ್ದು ತಮ್ಮ ಸುಳ್ಳು ಹೇಳಿದ್ದಕ್ಕಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಇಷ್ಟು ದಿನ ಬಾತು ಅವಳನ್ನು ಹಾರಿಸುತ್ತಿತ್ತೇ ಹೊರತು ಅವಳು ಬಾತನ್ನಲ್ಲ.

ಕಾಲು ತಾನಾಗಿಯೇ ಕನ್ನಡಕದ ಅಂಗಡಿಯ ಕಡೆಗೆ ಹೋಯಿತು. ಭಾನುವಾರವಾದ್ದರಿಂದ ಬಾಗಿಲು ಅರ್ಧ ಹಾಕಿತ್ತು. ಒಳಗೆ ಕೆಲಸದ ಬೆಂಚಿನ ಮೇಲೆ, ಕನ್ನಡಕದ ಫ್ರೇಮುಗಳ ಪಕ್ಕದಲ್ಲಿ ಕೆಂಪಿ ಇತ್ತು. ಒಂದು ಕಡೆಯ ರೆಕ್ಕೆ ಹೊಸದರಂತಿತ್ತು. ಇನ್ನೊಂದು ಕಡೆ ಮುರಿದದ್ದು ಮುರಿದಂತೆಯೇ ಬಿದ್ದಿತ್ತು.

"ಬಲಗಡೆದು ನಾನು ಮಾಡಿದೆ," ಎಂದಳು ದೊಡ್ಡಮ್ಮ ತಲೆ ಎತ್ತದೆ. "ಎಡಗಡೆದು ನಿಂದು."

ಸ್ಕ್ರೂ ಸ್ಟೂಲು ಎಳೆದುಕೊಂಡು ಬ್ಲೇಡು ಕೈಗೆ ತೆಗೆದುಕೊಂಡಳು.

ರೆಕ್ಕೆ ಸರಿಯಾದರೆ ಸಾಲದಲ್ಲ, ಬೆರಳೂ ಸರಿಯಾಗಬೇಕಲ್ಲ. ದೊಡ್ಡಮ್ಮ ಒಂದು ರಟ್ಟಿನ ವಿಮಾನ ಕತ್ತರಿಸಿ ಪೀಪಿಗೆ ಕೊಟ್ಟಳು. ಅವನು ಅದನ್ನು ತಲೆಯ ಮೇಲೆ ಹಿಡಿದು ಮನೆಯ ಮುಂದಿನ ಬೀದಿಯಲ್ಲಿ ಓಡಬೇಕು, ಮನಸ್ಸಿಗೆ ಬಂದಂತೆ ವಾಲಿಸಬೇಕು. ಸ್ಕ್ರೂ ಬ್ಯಾಟರಿ ಇಲ್ಲದ ರಿಮೋಟ್ ಹಿಡಿದು ನಿಂತು ಅದನ್ನು ನೆಟ್ಟಗೆ ಮಾಡುವಂತೆ ಹೆಬ್ಬೆರಳಿನಡಿಯ ಸ್ಟಿಕ್ ಕದಲಿಸಬೇಕು. ಪೀಪಿ ದೂರ ಓಡುವಾಗ ಸುಲಭವಾಗಿತ್ತು. ಎದುರಿಗೆ ಓಡಿ ಬರುವಾಗ ಎಡಬಲ ಎಲ್ಲ ಅದಲುಬದಲಾಗಿ ತಲೆ ಗಿರ್ ಎನ್ನುತ್ತಿತ್ತು.

"ಎಡಬಲ ಮರ್ತುಬಿಡು," ಎಂದಳು ದೊಡ್ಡಮ್ಮ. "ನಿನ್ನ ಕಡೆ ಬರುವಾಗ ಯಾವ ರೆಕ್ಕೆ ಬಗ್ಗಿದೆ ನೋಡು. ಸ್ಟಿಕ್ಕನ್ನ ಆ ಕಡೆಗೇ ತಳ್ಳು. ಬೀಳೋ ಗೋಡೆಗೆ ಕಂಬ ಕೊಟ್ಟ ಹಾಗೆ. ಏನೇ ಆದ್ರೂ ಕೈ ಬಿಡಬೇಡ. ಕೆಂಪಿ ತಾನಾಗಿ ನೆಟ್ಟಗಾಗಲ್ಲ."

ಪೀಪಿಗೆ ಇಂಥ ಒಳ್ಳೆಯ ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ದಿನವೂ ಸ್ಕೂಲಿನಿಂದ ಬಂದವನೇ ರಟ್ಟು ಹಿಡಿದು ಸಿದ್ಧನಾಗುತ್ತಿದ್ದ. ಅಕ್ಕ ತಪ್ಪು ಮಾಡಿದರೆ ದಬಾರ್ ಎಂದು ಕೂಗಿ ಬೀದಿಯಲ್ಲೇ ಉರುಳಾಡುತ್ತಿದ್ದ. ಬರಬರುತ್ತಾ ಅವನು ಉರುಳಾಡುವುದು ಕಡಿಮೆಯಾಯಿತು. ಅದರಿಂದ ಅವನಿಗೆ ಬೇಜಾರಾಯಿತು, ಅವನ ಚಡ್ಡಿ ಒಗೆಯುವ ಅಪ್ಪನಿಗೆ ಸಮಾಧಾನವಾಯಿತು.

ಕೆಂಪಿ ಮತ್ತೆ ಗ್ರೌಂಡಿಗೆ ಬಂದ ದಿನ ಸ್ಕ್ರೂ ಬೆಳಿಗ್ಗೆ ಸರಿಯಾಗಿ ತಿಂಡಿ ತಿನ್ನಲೂ ಇಲ್ಲ. ದೊಡ್ಡಮ್ಮ ಬಾಗಿಲಲ್ಲಿ ಕನ್ನಡಕ ಒರೆಸಿಕೊಳ್ಳುವುದನ್ನು ನೋಡುತ್ತಾ ಚಪ್ಪಲಿ ಹಾಕಿ ಹಾಕಿ ತೆಗೆದಳು. ಈ ಸಲ ಬಿದ್ದರೆ ರಿಪೇರಿ ಮಾಡುವಷ್ಟು ಮರ ಉಳಿದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ದೊಡ್ಡಮ್ಮ ವಿಮಾನವನ್ನು ಎತ್ತರಕ್ಕೆ ಒಯ್ದು ರಿಮೋಟ್ ಕೊಟ್ಟಳು. ಸ್ಕ್ರೂ ಕೆಂಪಿಯನ್ನು ದೂರ ಕಳಿಸಿದಳು. ಟರ್ನ್ ತೆಗೆದಳು. ಕೆಂಪಿ ಎದುರಿಗೆ ಬಂತು. ಅಷ್ಟರಲ್ಲಿ ಗಾಳಿ ಬೀಸಿ ಅದು ಜೋರಾಗಿ ವಾಲಿತು. ಬೀದಿಯಲ್ಲಿ ಕಲಿತದ್ದೆಲ್ಲ ತಲೆಯಿಂದ ಹಾರಿಹೋಯಿತು. ಹೆಬ್ಬೆರಳು ಸ್ಟಿಕ್ಕಿನಿಂದ ಏಳುವುದರಲ್ಲಿತ್ತು.

"ದೊಡ್ಡಮ್ಮ, ತಗೋ," ಎಂದಳು ಸ್ಕ್ರೂ.

ಯಾವ ಕೈಯೂ ಬರಲಿಲ್ಲ. ಅವಳು ಓರೆಗಣ್ಣಿನಿಂದ ನೋಡಿದಳು. ದೊಡ್ಡಮ್ಮ ಕನ್ನಡಕ ತೆಗೆದು ನೀಲಿ ಬಟ್ಟೆಯಿಂದ ಒರೆಸುತ್ತಾ ನಿಂತಿದ್ದಳು.

"ನಂಗೇನೂ ಕಾಣ್ತಿಲ್ಲ ಕಣೇ," ಎಂದಳು. "ಯಾವ ರೆಕ್ಕೆ ಬಗ್ಗಿದೆ, ನೀನೇ ಹೇಳು."

ಸ್ಕ್ರೂ ಮೇಲೆ ನೋಡಿದಳು.

"ಈ ಕಡೇದು," ಎಂದಳು. ಹೇಳಿ ಮುಗಿಸುವ ಮುಂಚೆಯೇ ಬೆರಳು ಆ ಕಡೆಗೆ ಹೋಗಿತ್ತು. ಬಗ್ಗಿದ ರೆಕ್ಕೆ ಮೇಲೆದ್ದಿತು. ಕೆಂಪಿ ನೆಟ್ಟಗಾಯಿತು. ತಾನಾಗಿ ಅಲ್ಲ. ಅವಳು ಮಾಡಿದ್ದರಿಂದ ಆಯಿತು.

ಆಮೇಲೆ ಅದು ಅವಳ ತಲೆಯ ಮೇಲೆ ಸುಯ್ ಎಂದು ಹಾದು ಹೋಯಿತು. ಇನ್ನೊಂದು ಸುತ್ತು ಹಾಕಿತು. ಮತ್ತೊಂದು. ಕೊನೆಗೆ ಅವಳು ಅದನ್ನು ಇಳಿಸಿದಾಗ ಕೆಂಪಿ ನೆಲಕ್ಕೆ ತಾಗಿ, ಒಮ್ಮೆ ಕುಪ್ಪಳಿಸಿ, ಓಡಿ ಬಂದು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತು. ಸ್ಕ್ರೂಗೆ ಎಷ್ಟು ಸಂತೋಷವಾಯಿತೆಂದರೆ ಚಪ್ಪಾಳೆ ಕೇಳಿಸಿದ್ದು ತಡವಾಗಿ. ತಟ್ಟುತ್ತಿದ್ದವನು ಪೀಪಿ.

"ಈಗ ನಂದು," ಎಂದ ಅವನು. "ರಟ್ಟು ಹಿಡ್ಕೊಂಡು ಓಡಿದ್ರೆ ಬಾತು ಕೊಡ್ತೀನಿ ಅಂತ ನೀನೇ ಅಂದಿದ್ದೆ ಅಕ್ಕ."

ಹೌದು, ಸ್ಕ್ರೂ ಹಾಗೆ ಅಂದಿದ್ದಳು. ಡಬ್ಬಿಯಿಂದ ವೈರ್ ಹೊರಗೆ ಬಂತು. ಬಾತಿನ ಒಂದು ರಿಮೋಟ್ ಪೀಪಿಗೆ, ಗುಂಡಿ ಇರುವ ಇನ್ನೊಂದು ಸ್ಕ್ರೂಗೆ. ದೊಡ್ಡಮ್ಮ ಪಕ್ಕದ ಕಲ್ಲಿನ ಮೇಲೆ ಕೂತಳು.

ಬಾತು ಮೇಲೇರಿತು. ಸ್ಕ್ರೂ ಗುಂಡಿ ಒತ್ತಿ ಹಿಡಿದಳು. ಪೀಪಿ ಖುಷಿಯಲ್ಲಿ ಸ್ಟಿಕ್ಕನ್ನು ಒಂದೇ ಕಡೆಗೆ ಒತ್ತಿದ್ದೇ ಒತ್ತಿದ್ದು. ಬಾತು ಪೂರ್ತಿ ವಾಲಿ ಕಾಂಪೌಂಡಿನ ಕಡೆಗೆ ಜಾರತೊಡಗಿತು.

"ಅಕ್ಕಾ, ತಗೋ ತಗೋ," ಎಂದು ಪೀಪಿ ಕಿರುಚಿದ.

ಗುಂಡಿಯಿಂದ ಬೆರಳು ತೆಗೆದರೆ ಸಾಕಿತ್ತು, ಬಾತು ಸ್ಕ್ರೂ ಕೈಗೆ ಬರುತ್ತಿತ್ತು. ಬೆರಳು ತೆಗೆಯುವುದು ಎಷ್ಟು ಸುಲಭ. ಆದರೆ ಕಾಂಪೌಂಡು ಇನ್ನೂ ಸ್ವಲ್ಪ ದೂರವಿತ್ತು.

"ಯಾವ ರೆಕ್ಕೆ ಬಗ್ಗಿದೆ?" ಎಂದು ಕೇಳಿದಳು. "ನೀನೇ ಹೇಳೋ."

ಪೀಪಿ ಕತ್ತು ಎತ್ತಿ, ನಾಲಗೆ ಹೊರಗೆ ಹಾಕಿ ನೋಡಿದ. ಸ್ಟಿಕ್ಕನ್ನು ಮೆಲ್ಲಗೆ ಇನ್ನೊಂದು ಕಡೆಗೆ ತಂದ. ಬಾತು ತೂಗಾಡಿತು, ಕಾಂಪೌಂಡಿನ ಕಡೆಗೆ ಜಾರುವುದು ನಿಂತಿತು.

ಸ್ಕ್ರೂಗೆ ಆಗ ಬಾಗಿಲಲ್ಲಿ ನಿಂತು ಉಸಿರು ಬಿಟ್ಟು, ಬೆಳಕಿಗೆ ಹಿಡಿದು, ಎರಡೆರಡು ಸಲ ಒರೆಸಿದ ಕನ್ನಡಕ ನೆನಪಾಯಿತು. ಗ್ರೌಂಡಿಗೆ ಬರುವಷ್ಟರಲ್ಲಿ ಮತ್ತೆ ಒರೆಸಲು ಅದರಲ್ಲಿ ಏನಿತ್ತು? ಅವಳು ದೊಡ್ಡಮ್ಮನ ಕಡೆಗೆ ತಿರುಗಿದಳು. ಕನ್ನಡಕ ಫಳಫಳ ಹೊಳೆಯುತ್ತಿತ್ತು. ಅದರ ಹಿಂದಿನ ಕಣ್ಣು ಬಾತನ್ನಲ್ಲ, ಗುಂಡಿಯ ಮೇಲೆ ಬೆಳ್ಳಗಾಗಿದ್ದ ಸ್ಕ್ರೂ ಬೆರಳನ್ನು ನೋಡುತ್ತಿತ್ತು.

ದೊಡ್ಡಮ್ಮ ಚೀಲಕ್ಕೆ ಕೈ ಹಾಕಿ ನೀಲಿ ಬಟ್ಟೆಯ ತುಂಡು ತೆಗೆದು ಅವಳತ್ತ ಚಾಚಿದಳು.

ಸ್ಕ್ರೂಗೆ ಕನ್ನಡಕವೇ ಇಲ್ಲ. ಆದರೂ ಒಂದು ಕೈಯಿಂದ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯ ಬೆರಳನ್ನು ಗುಂಡಿಯ ಮೇಲಿಂದ ತೆಗೆಯಲಿಲ್ಲ.