ಲಾರೆನ್ಸನ ಉಯಿಲು

“ಆ ಕಾಗದಕ್ಕೆ ಸಹಿ ಹಾಕಬೇಡ ಪುತಾ” ಎಂದು ನೈರೋಬಿಯಲ್ಲೇ ನೆಲೆಸಿದ್ದ ವಯಸ್ಸಾದ ಬಂಧು ಫಿಲೋಮಿನಾ ಆಂಟಿ ಹೇಳಿದಾಗ ವಲೇರಿಯನ್ ನಕ್ಕುಬಿಟ್ಟ.

ಹೆಂಡತಿ ಹೆಲನ್ ಮತ್ತು ಆರು ವರ್ಷದ ಮಗಳು ರೋಸ್ ಜೊತೆ ಅವನು ಮಂಗಳೂರಿನಿಂದ ನೈರೋಬಿಗೆ ಬಂದು ಆಗಿನ್ನೂ ನಾಲ್ಕು ತಿಂಗಳು. 1986ರ ಜುಲೈ, ಅಲ್ಲಿನ ಮೋಡ ಕವಿದ ಚಳಿಗಾಲ. ಕಾಲೇಜಿನಲ್ಲಿ ಗಣಿತ ಕಲಿಸುವವನಿಗೆ ಮಾಟ ಮಂತ್ರವೆಂದರೆ ತಮಾಷೆ. ಅವನ ಅಜ್ಜನ ಅಣ್ಣ ಲಾರೆನ್ಸ್ ಬ್ರಿಟಿಷರ ಕಾಲದಲ್ಲಿ ಇಲ್ಲಿ ರೈಲ್ವೆ ಗುಮಾಸ್ತನಾಗಿದ್ದ. 1946ರಲ್ಲಿ ಸಾಯುವ ಮೊದಲು ನೈರೋಬಿಯ ಪಂಗಾನಿ ಬಡಾವಣೆಯ ಮನೆಯನ್ನೂ ಅದರ ಹಿಂದಿನ ನೆಲವನ್ನೂ ತಮ್ಮನ ಗಂಡುಸಂತಾನಕ್ಕೆ ಬರೆದಿಟ್ಟಿದ್ದ. ಆ ಸಂತಾನದಲ್ಲಿ ಈಗ ಉಳಿದವನು ವಲೇರಿಯನ್ ಒಬ್ಬನೇ.

ಉಯಿಲಿನಲ್ಲಿ ಇಲ್ಲದ ಹೆಸರೊಂದಿತ್ತು ಎಂದಳು ಆಂಟಿ. ನ್ಯಂಬುರಾ. ಹದಿನೆಂಟು ವರ್ಷ ಲಾರೆನ್ಸನ ಜೊತೆ ಬಾಳಿದ ಕಿಕುಯು ಬುಡಕಟ್ಟಿನ ಹೆಂಗಸು. ನೆಲ ಅಗೆದವಳು ಅವಳು, ಕಾಯಿಲೆಯಲ್ಲಿ ಅವನ ಮಲ ಮೂತ್ರ ಬಾಚಿದವಳೂ ಅವಳೇ. ವಕೀಲ ಉಯಿಲು ಓದಿದ ದಿನ ಅವಳು ಅಂಗಳದ ಮಣ್ಣನ್ನು ಬಾಯಿಗೆ ತುಂಬಿಕೊಂಡು, ಈ ನೆಲವನ್ನು ಕಾಗದದಿಂದ ಪಡೆದವನನ್ನು ಅವನ ಸ್ವಂತದವರೇ ಮರೆಯಲಿ ಎಂದು ಶಪಿಸಿದ್ದಳಂತೆ. ವಾರದೊಳಗೆ ಸತ್ತಳಂತೆ.

“1958ರಲ್ಲಿ ಜೋಸೆಫ್ ಅಂತ ನಿನ್ನ ದೊಡ್ಡಪ್ಪ ಒಬ್ಬರು ಸಹಿ ಹಾಕಿದ್ರಂತೆ, ಕಾಗದದಲ್ಲಿ ಹೆಸರುಂಟು” ಆಂಟಿಯ ದನಿ ಇಳಿಯಿತು. “ಹೋದ ವರ್ಷ ಎಂಬಕಸಿಯ ವೃದ್ಧಾಶ್ರಮದಲ್ಲಿ ಒಬ್ಬ ಮುದುಕ ತೀರಿಕೊಂಡ. ಅವನ ಪೆಟ್ಟಿಗೆಯಲ್ಲಿ ನನ್ನ ಮದುವೆಯ ಫೋಟೋ ಉಂಟು. ನನ್ನ ಪಕ್ಕದಲ್ಲಿ ಮದುಮಗನಾಗಿ ನಿಂತವನು ಯಾರಂತ ನನಗೆ ಇವತ್ತಿಗೂ ಗೊತ್ತಿಲ್ಲ.”

ವಯಸ್ಸಾದವರ ಮರೆವು ಎಂದುಕೊಂಡ ವಲೇರಿಯನ್. ಸೋಮವಾರ ಬೆಳಿಗ್ಗೆ ವಕೀಲರ ಕಚೇರಿಯಲ್ಲಿ ಮೂರು ಕಡೆ ಸಹಿ ಹಾಕಿ, ಬೀಗದ ಕೈ ಪಡೆದು, ನೇರ ಪಂಗಾನಿಗೆ ನಡೆದ.

ಮನೆಯ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಮಧ್ಯಾಹ್ನವಾದರೂ ಒಳಗೆ ಗವಿಯಂಥ ಕತ್ತಲು. ಗೆದ್ದಲು ತಿಂದ ಮರದ ವಾಸನೆ, ಬಾವಲಿಗಳ ಹಿಕ್ಕೆಯ ಘಾಟು. ಅದರಡಿಯಲ್ಲಿ ಇನ್ನೊಂದು ವಾಸನೆ, ಈಗಷ್ಟೇ ಅಗೆದ ಹಸಿ ಮಣ್ಣಿನದು. ಹಿಂದಿನ ಕೋಣೆಯಿಂದ ಸದ್ದು ಬರುತ್ತಿತ್ತು. ಯಾರೋ ಅಗಿಯುತ್ತಿದ್ದಾರೆ. ಹಲ್ಲಿಗೆ ಮರಳು ಸಿಕ್ಕಂತೆ, ಕರ್ ಕರ್ ಎಂದು, ನಿಧಾನವಾಗಿ.

ಇಲಿ ಇರಬೇಕು ಎಂದು ಗಟ್ಟಿಯಾಗಿ ಹೇಳಿಕೊಂಡ. ಹೇಳಿದ ಕೂಡಲೇ ಸದ್ದು ನಿಂತಿತು. ಕತ್ತಲಲ್ಲಿ ಯಾರೋ ಉಸಿರು ಎಳೆದುಕೊಂಡರು. ಅವನ ನಾಲಿಗೆ ಭಾರವಾಯಿತು. ಉಗಿದ. ಅಂಗೈಗೆ ಬಿದ್ದದ್ದು ಮಣ್ಣು. ಕೆಂಪು ಮಣ್ಣು. ಮತ್ತೆ ಉಗಿದ. ಮತ್ತೆ ಮಣ್ಣು. ಬಾಗಿಲು ಎಲ್ಲಿ? ಗೋಡೆ ತಡವಿದ. ತಣ್ಣನೆಯದೇನೋ ಬೆರಳಿಗೆ ತಾಗಿತು. ಕೆನ್ನೆ. ಉಬ್ಬಿದ, ತುಂಬಿದ ಕೆನ್ನೆ. ಅದು ಅಗಿಯುತ್ತಿತ್ತು.

ಬೀದಿಗೆ ಹೇಗೆ ಬಂದು ಬಿದ್ದನೋ ಅವನಿಗೆ ತಿಳಿಯಲಿಲ್ಲ.

ಮೂಲೆಯ ಅಂಗಡಿಯಲ್ಲಿ ಬಾಯಿ ತೊಳೆದು ಆಂಟಿಯ ಮನೆಗೆ ಓಡಿದ. ಆಕೆ ಸರಪಳಿ ತೆಗೆಯದೆ ಬಾಗಿಲನ್ನು ಒಂದಿಷ್ಟೇ ಸರಿಸಿದಳು. ವಲೇರಿಯನ್, ಆಲ್ಬರ್ಟನ ಮಗ ಎಂದ. ಆಲ್ಬರ್ಟನಿಗೆ ಮಕ್ಕಳೇ ಇರಲಿಲ್ಲ ಎಂದಳು ಆಕೆ. ಶುಕ್ರವಾರ ತಾನೇ ಬಂದಿದ್ದೆ, ನೀವೇ ಚಾ ಕೊಟ್ಟಿರಿ ಎಂದು ಅಂಗಲಾಚಿದ. ಬಾಗಿಲು ಮುಚ್ಚಿತು.

ಮತ್ತೆ ಕಚೇರಿಗೆ ಓಡಿದರೆ, ವಕೀಲರಿಗೆ ಮಾತ್ರ ಅವನ ಗುರುತು ಚೆನ್ನಾಗಿಯೇ ಇತ್ತು. ಸಹಿ ಅಳಿಸಿಕೊಡಿ, ನೆಲ ನ್ಯಂಬುರಾಳ ಕಡೆಯವರಿಗೇ ಹೋಗಲಿ ಎಂದು ಬೇಡಿದ. ಅವಳಿಗೆ ಒಬ್ಬಳೇ ಮಗಳು, ಅವಳೂ ಮಕ್ಕಳಿಲ್ಲದೆ ತೀರಿ ಹೋದಳು, ಯಾರಿಗಂತ ಕೊಡುತ್ತೀರಿ ಎಂದರು ವಕೀಲರು. ವಲೇರಿಯನ್ ಅಲ್ಲೇ ಪತ್ರ ಹರಿದು ಹಾಕಿದ. ನಕಲು ರಿಜಿಸ್ಟ್ರಿಯಲ್ಲಿದೆ ಎಂದು ಅವರು ಮೆಲ್ಲಗೆ ತಿಳಿಸಿದರು.

ತನ್ನ ಮನೆಯಿದ್ದ ಸೌತ್ ಸಿ ಕಡೆಯ ಮಟಾಟು ವ್ಯಾನಿನಲ್ಲಿ ಇಬ್ಬರ ಹೆಸರನ್ನೂ ಜಪದಂತೆ ಹೇಳಿಕೊಳ್ಳುತ್ತ ಕೂತ. ಹೆಲನ್, ರೋಸ್. ಹೆಲನ್, ರೋಸ್. ತಾನು ಅವರನ್ನು ಮರೆತಿಲ್ಲ ಎಂಬುದೊಂದೇ ಅವನಿಗಿದ್ದ ಧೈರ್ಯ. ಮನೆ ಮುಟ್ಟುವಷ್ಟರಲ್ಲಿ, ಅದೇ ತನಗಾದ ಶಿಕ್ಷೆ ಎಂದು ಅರ್ಥವಾಯಿತು.

ಗೇಟಿನ ಬಳಿ ರೋಸ್ ಆಡುತ್ತಿದ್ದಳು. ಅವನು ಕೈ ಚಾಚಿದ. ಅವಳು ಹಿಂದೆ ಸರಿದು ಒಳಗೆ ಕೂಗಿದಳು. “ಮಮ್ಮಿ, ದೇರ್ ಈಸ್ ಎ ಮ್ಯಾನ್.”

ಹೆಲನ್ ಹೊರಗೆ ಬಂದಳು. ಬೆಳಿಗ್ಗೆ ಅವನ ಅಂಗಿಗೆ ಗುಂಡಿ ಹೊಲಿದುಕೊಟ್ಟ ಕೈಯನ್ನು ಮಗಳ ಹೆಗಲ ಮೇಲಿಟ್ಟಳು. ನಾನೇ, ಗುರುತು ಸಿಗಲಿಲ್ಲವಾ ಎಂದು ಅವನು ಕೊಂಕಣಿಯಲ್ಲಿ ಕೇಳಿದ. ದನಿ ಒಡೆಯಿತು. ಪರದೇಶದಲ್ಲಿ ತನ್ನ ಭಾಷೆ ಕೇಳಿ ಅವಳ ಮುಖ ಅರಳಿತು.

“ನಮ್ಮ ಕಡೆಯವರಾ? ಪಾಪ, ತುಂಬ ಸುಸ್ತಾದ ಹಾಗೆ ಉಂಟು” ಎಂದಳು. “ಅಲ್ಲೇ ನಿಲ್ಲಿ, ನೀರು ತರ್ತೇನೆ. ಮನೆಯಲ್ಲಿ ಗಂಡಸರು ಯಾರೂ ಇಲ್ಲ, ಒಳಗೆ ಕರೆಯಲಿಕ್ಕೆ ಆಗುವುದಿಲ್ಲ.”

ಅವಳು ಮಗಳನ್ನು ಕರೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು.