ಅರ್ಧಕ್ಕೆ ನಿಂತ ಬಾವುಟ

ಗುರುವಾರ ಬೆಳಗ್ಗೆ ಎಂಟೂವರೆಗೆ ಎಗೋನ್ ಕ್ರಾಗ್‌ನ ಹೋಟೆಲಿಗೆ ಮೊದಲ ಹೂಚಕ್ರ ಬಂತು. ರಿಬ್ಬನ್ನಿನ ಮೇಲೆ ಬರೆದಿತ್ತು: 'ಎಗೋನ್‌ಗೆ ಕೊನೆಯ ನಮನ.' ಸಹಿ ಹಾಕಿ ಇಳಿಸಿಕೊಂಡವನು ಎಗೋನನೇ.

ಹತ್ತರ ಹೊತ್ತಿಗೆ ಆರು ಹೂಚಕ್ರಗಳಾದವು. ಶನಿವಾರ ಎಂಬತ್ತು ಜನರ ಔತಣವಿತ್ತು, ಒಂದು ದಂಪತಿಯ ಮದುವೆಯ ಇಪ್ಪತ್ತೈದನೇ ವರ್ಷದ್ದು. ಅದೂ ರದ್ದಾಯಿತು. ಆಗ ಬಂದಳು ವಿಬೆಕೆ ಲುಂಡ್‌ಗೋರ್, ದ್ವೀಪದ ವಾರಪತ್ರಿಕೆಯ ಏಕೈಕ ವರದಿಗಾರ್ತಿ. ಬಂದದ್ದು ಶ್ರದ್ಧಾಂಜಲಿ ಬರೆಯಲು. ಸತ್ತವನೇ ಬಾಗಿಲು ತೆರೆದ.

"ನೀನು ಸತ್ತಿಲ್ವಾ?"

"ನೋಡಿದ್ರೆ ಹೇಗೆ ಕಾಣ್ತೀನಿ?"

"ಹೇಳೋಕಾಗಲ್ಲ. ನೀನು ಯಾವಾಗ್ಲೂ ಹೀಗೇ ಕಾಣ್ತೀಯ."

"ನಾನು ಹೋದೆ ಅಂತ ಯಾರು ಹೇಳಿದ್ದು?"

"ನಿನ್ನ ವೆಬ್‌ಸೈಟು, ನಿನ್ನೆ ಮಧ್ಯಾಹ್ನದಿಂದ."

ವಿಬೆಕೆ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಬ್ರೌಸರಿನ ಟ್ಯಾಬಿನಲ್ಲಿ, ಹೋಟೆಲಿನ ಹೆಸರಿನ ಪಕ್ಕ, ಉಗುರಿನಷ್ಟೂ ಇಲ್ಲದ ಒಂದು ಚಿತ್ರ. ಬಿಳಿ ಕಂಬ. ಅದರ ನಡುಮಧ್ಯದಲ್ಲಿ ಕೆಂಪು ಬಾವುಟ. ಡೆನ್ಮಾರ್ಕಿನಲ್ಲಿ ಒಂದು ಮನೆಯ ಬಾವುಟ ಅರ್ಧಕ್ಕಿದ್ದರೆ ಅಲ್ಲಿ ಸಾವಾಗಿದೆ ಎಂದೇ ಅರ್ಥ. ಇನ್ಯಾವ ವಿವರಣೆಯನ್ನೂ ಯಾರೂ ಕೇಳುವುದಿಲ್ಲ.

ಎಗೋನನ ಮುಖ ಕೆಂಪೇರಿತು. "ಇದು ಸಿಸೆಲ್ ಕೆಲಸ! ಸೈಟು ಮಾಡಿದವಳು ಅವಳು. ನಿನ್ನೆ ಬೆಳಗ್ಗೆ ಆಲೂಗಡ್ಡೆ ವಿಷಯಕ್ಕೆ ಬೈದಿದ್ದೆ, ಸೇಡು ತೀರಿಸ್ಕೊಂಡ್ಳು. ಹನ್ನೆರಡರ ಹಡಗಿಗೆ ಗಂಟುಮೂಟೆ ಕಟ್ಟಲಿ!" ಅಡುಗೆಮನೆಗೆ ಹೋಗಿ ಅವಳಿಗೂ ಅದನ್ನೇ ಕೂಗಿ ಬಂದ.

ಸಿಸೆಲ್ ಒಂಬತ್ತು ವರ್ಷದಿಂದ ಆ ಹೋಟೆಲಿನ ಅಡುಗೆಯವಳು. ವಾಸ ಅಲ್ಲೇ ಅಟ್ಟದ ಕೋಣೆಯಲ್ಲಿ. ಕೆಲಸ ಹೋದರೆ ಮನೆಯೂ ಹೋಯಿತು. ವಿಬೆಕೆ ಗಡಿಯಾರ ನೋಡಿದಳು. ಹತ್ತೂ ಕಾಲು.

*

ಅಡುಗೆಮನೆಯಲ್ಲಿ ಸಿಸೆಲ್ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣು ಕೆಂಪಾಗಿದ್ದದ್ದು ಈರುಳ್ಳಿಯಿಂದ ಮಾತ್ರ ಅಲ್ಲ.

"ಅಲ್ಲಿ ನಾನು ಹಾಕಿದ್ದು ಹೆರಿಂಗ್ ಮೀನಿನ ಚಿತ್ರ. ಚೆನ್ನಾಗಿತ್ತು. ಬಾವುಟ ಯಾರು ಹಾಕಿದ್ರೋ ನಂಗೇನು ಗೊತ್ತು?"

"ಅದನ್ನ ಹಾಕೋಕೆ ಕೋಡು ಗೀಡು ಬರಬೇಕಾ?"

"ಏನೂ ಬೇಡ ಕಣೆ. ಸೆಟ್ಟಿಂಗ್ಸ್‌ಗೆ ಹೋಗು, ಐಕಾನ್ ಅಂತ ಒಂದು ಚೌಕ ಇರತ್ತೆ. ಅದನ್ನ ಒತ್ತು, ಚಿತ್ರ ಆರಿಸು, ಸೇವ್ ಕೊಡು. ಕುರಿನೂ ಮಾಡತ್ತೆ."

"ಪಾಸ್‌ವರ್ಡ್?"

ಸಿಸೆಲ್ ಚಾಕುವಿನಿಂದಲೇ ಗೋಡೆ ತೋರಿಸಿದಳು. ಮೀನು ವ್ಯಾಪಾರಿಯ ಫೋನ್ ನಂಬರಿನ ಕೆಳಗೆ ಪಾಸ್‌ವರ್ಡ್ ದಪ್ಪಕ್ಷರದಲ್ಲಿತ್ತು. ಅಂದರೆ ಇಡೀ ದ್ವೀಪವೇ ಆರೋಪಿ.

*

ಬಂದರಿನ ಆಚೆ ಬದಿಯ ಹೋಟೆಲು ಪ್ರೆಬೆನ್ ಸ್ಕೌನದು. ಎಲ್ಲಕ್ಕಿಂತ ದೊಡ್ಡ ಹೂಚಕ್ರ ಕಳಿಸಿದವನೂ ಅವನೇ.

"ರದ್ದಾದ ಔತಣ ನಿನ್ನ ಹತ್ರ ಬಂತಂತೆ?" ವಿಬೆಕೆ ನೇರವಾಗಿ ಕೇಳಿದಳು.

"ಬಂತು. ಬೇಡ ಅಂದೆ. ಸತ್ತವನ ಗಿರಾಕಿಗಳಿಗೆ ನಾನು ಬಡಿಸೋದಾ?"

"ಅವನು ಸತ್ತಿಲ್ಲ."

ಪ್ರೆಬೆನ್ ಕುರ್ಚಿಯಲ್ಲಿ ಕುಸಿದ. "ಸತ್ತಿಲ್ವಾ? ನಿನ್ನೆ ಸಂಜೆಯಿಂದ ಅಳ್ತಾ ಇದೀನಿ ಮಾರಾಯ್ತಿ! ಆ ಕಣ್ಣೀರು ವಾಪಸ್ ಕೊಡು ಅಂತ ಹೇಳು ಅವನಿಗೆ."

ಅವನ ಟ್ಯಾಬಿನಲ್ಲೂ ಬಾವುಟ ಅರ್ಧಕ್ಕೇ ಇತ್ತು. ಬುಧವಾರ ಬೆಳಗ್ಗೆಯೆಲ್ಲ ಅವನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ. ಫೋನು ಮಾಡಿದಾಗ ಡಾಕ್ಟರರೂ ಹೌದೆಂದರು. ಹಾಗೆ ಮಾಡಲು ಕಾರಣವಿದ್ದವರಲ್ಲಿ ಉಳಿದವಳು ಮತ್ತೆ ಸಿಸೆಲ್ ಒಬ್ಬಳೇ.

*

ವಿಬೆಕೆ ವಾಪಸು ಬಂದು ಸಿಸೆಲ್‌ಳ ಪಕ್ಕ ಕೂತು ಸೈಟಿನ ಚಿತ್ರಸಂಗ್ರಹ ತೆಗೆಸಿದಳು. ಹೆರಿಂಗ್ ಮೀನಿನ ನಂತರ ಒಂದಲ್ಲ, ಎರಡು ಬಾವುಟ ಇದ್ದವು. ಮೊದಲನೆಯದು ಬುಧವಾರ 10:42ಕ್ಕೆ ಸೇರಿಸಿದ್ದು. ಬಾವುಟ ಕಂಬದ ತುದಿಯಲ್ಲೇ ಇದೆ, ಕಂಬದ ಬುಡ ಕತ್ತರಿಸಿಹೋಗಿದೆ. ಎರಡನೆಯದು 10:49ಕ್ಕೆ. ಕಂಬ ಪೂರ್ತಿ ಇದೆ, ಬಾವುಟ ಅರ್ಧಕ್ಕೆ.

"ನೀನೆಲ್ಲಿದ್ದೆ ಆಗ?"

"ಬಂದರಲ್ಲಿ ಮೀನಿಗೆ ಕಾಯ್ತಿದ್ದೆ. ಯಾರೂ ನೋಡಿಲ್ಲ."

ವಿಬೆಕೆಗೆ ಗೊಂದಲ ಹೆಚ್ಚಾಯಿತು. ಸಾವಿನ ಸುದ್ದಿ ಹಬ್ಬಿಸುವವರು ಮೊದಲು ಸರಿಯಾದ ಬಾವುಟ ಯಾಕೆ ಹಾಕುತ್ತಾರೆ? ಎರಡನೆಯ ಚಿತ್ರವನ್ನು ದೊಡ್ಡದು ಮಾಡಿದಳು. ಕಂಬ ಎಗೋನನ ಅಂಗಳದ್ದೇ. ಬುಡದಲ್ಲಿ ಈಸ್ಟರ್ ಹೊತ್ತಿಗೆ ಅರಳುವ ಹಳದಿ ಹೂಗಳು. ಇದು ಗುಡ್ ಫ್ರೈಡೇ ದಿನ ತೆಗೆದ ಫೋಟೊ! ಅವತ್ತು ದೇಶದಲ್ಲೆಲ್ಲ ಬಾವುಟ ಅರ್ಧಕ್ಕಿರುತ್ತದೆ.

"ಈಸ್ಟರ್‌ಗೆ ನಾನು ಆಲ್ಬೋರ್ಗ್‌ನಲ್ಲಿ ತಂಗಿ ಮನೇಲಿದ್ದೆ," ಎಂದಳು ಸಿಸೆಲ್. "ಹೋಟೆಲಿಗೆ ಬೀಗ ಹಾಕಿತ್ತು."

"ಆ ಏಳು ನಿಮಿಷದಲ್ಲಿ ಸೈಟನ್ನ ಎಷ್ಟು ಜನ ತೆರೆದಿದ್ರು, ಗೊತ್ತಾಗತ್ತಾ?"

ಸಿಸೆಲ್ ಅಂಕಿಅಂಶದ ಪುಟ ತೆಗೆದಳು. "ಒಬ್ಬರೇ."

*

ಹನ್ನೊಂದೂವರೆ. ಎಗೋನನ ಕೋಣೆ. ಬದುಕಿರುವವನನ್ನು ಕಣ್ಣಾರೆ ನೋಡಲು ಪ್ರೆಬೆನ್ ಕೂಡ ಬಂದಿದ್ದ. ಸಿಸೆಲ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಎಗೋನ್, ನಿನ್ನ ಕಂಪ್ಯೂಟರ್‌ನಲ್ಲಿ ಸೈಟ್ ತೆಗಿ," ಎಂದಳು ವಿಬೆಕೆ.

"ಆ ದರಿದ್ರವನ್ನ ನಾನು ಮುಟ್ಟೋದೇ ಇಲ್ಲ." ಗೊಣಗುತ್ತಲೇ ತೆಗೆದ. ತೆಗೆದವನೇ ಅರಳಿದ. "ನೋಡು! ಬಾವುಟ ಮೇಲೇ ಇದೆ! ಸರಿಯಾಗಿದೆ!"

ಉಳಿದ ಮೂವರೂ ನೋಡಿದರು. ಅವನ ಟ್ಯಾಬಿನಲ್ಲಿ ಬಾವುಟ ತುದಿಯಲ್ಲಿ ಹಾರುತ್ತಿತ್ತು.

"ನೀನೇ ಸಿಕ್ಕಿಬಿದ್ದೆ," ಎಂದಳು ವಿಬೆಕೆ. "ಬ್ರೌಸರ್ ಒಂದು ಸಲ ಈ ಪುಟ್ಟ ಚಿತ್ರ ಹಿಡ್ಕೊಂಡ್ರೆ ಎಷ್ಟೋ ದಿನ ಬಿಡಲ್ಲ. ಸೈಟಲ್ಲಿ ಬದಲಾದ್ರೂ ಹಳೇದನ್ನೇ ತೋರಿಸತ್ತೆ. ಮೇಲಿರೋ ಬಾವುಟ ಸೈಟಲ್ಲಿ ಇದ್ದಿದ್ದು ಏಳೇ ನಿಮಿಷ. ಆಗ ಸೈಟ್ ತೆರೆದಿದ್ದು ಒಬ್ಬರೇ. ಅದು ನಿನ್ನ ಹತ್ರ ಮಾತ್ರ ಇದೆ. ಫೋಟೊ ತೆಗೆದ ದಿನ ಇಲ್ಲಿದ್ದವನೂ ನೀನೊಬ್ಬನೇ."

ಎಗೋನ್ ಕಂಪ್ಯೂಟರ್‌ನಿಂದ ಕೈ ತೆಗೆದ.

"ಮೊದಲ್ನೇದು ಕತ್ತರಿಸಿದ ಹಾಗಿತ್ತು," ಎಂದ ಕೊನೆಗೆ. "ಫೋನಲ್ಲಿದ್ದ ಇನ್ನೊಂದು ಫೋಟೊ ಹಾಕಿದೆ. ಅಷ್ಟು ಚಿಕ್ಕದ್ರಲ್ಲಿ ನಂಗೇನೂ ಕಾಣಿಸ್ಲಿಲ್ಲ. ಇಲ್ಲಿ ಬದಲಾಗ್ಲೇ ಇಲ್ಲ. ಸೇವ್ ಆಗಿಲ್ಲ ಅಂತ ಬಿಟ್ಟೆ. ಅರ್ಧದ್ದು ಇವಳೇ ಹಾಕಿದ್ಲು ಅಂತ ನಂಬಿದ್ದೆ."

"ನಾನೂ ಮುಟ್ಟಿದ್ದೆ ಅಂತ ಒಂದು ಮಾತು ಹೇಳೋಕೇನಾಗಿತ್ತು?" ಕೇಳಿದಳು ವಿಬೆಕೆ.

"ನಾಚಿಕೆ." ಅವನ ದನಿ ಇಳಿಯಿತು. "ನಾಳೆ ನಂಗೆ ಎಪ್ಪತ್ತು. ಎಲ್ಲರ ಮನೇಲೂ ಏರಿಸೋ ಹಾಗೆ ನನ್ನ ಹುಟ್ಟುಹಬ್ಬಕ್ಕೆ ಬಾವುಟ ಏರಿಸ್ತಿದ್ದವಳು ನನ್ನ ಹೆಂಡ್ತಿ ಬೋಡಿಲ್. ಅವಳು ಹೋಗಿ ಹನ್ನೊಂದು ವರ್ಷ. ಆಮೇಲೆ ಯಾರೂ ಏರಿಸಿಲ್ಲ. ತನ್ನ ಹುಟ್ಟುಹಬ್ಬಕ್ಕೆ ತಾನೇ ಬಾವುಟ ಹಾಕ್ಕೊಂಡ ಅಂತ ಊರಿಗೆ ಹೇಗೆ ಹೇಳ್ಲಿ?"

ಪ್ರೆಬೆನ್ ಮುಖ ಆಚೆ ತಿರುಗಿಸಿಕೊಂಡ. ಅಂಗಳದಲ್ಲಿ ಬೋಳು ಕಂಬ ನಿಂತಿದ್ದದ್ದನ್ನು ವಿಬೆಕೆಯೂ ಎಷ್ಟೋ ದಿನ ನೋಡಿದವಳೇ.

ಸಿಸೆಲ್ ಮಾತ್ರ ಕರಗಲಿಲ್ಲ. "ನಿನ್ನ ನಾಚಿಕೆಗೆ ನಾನು ಬೀದಿಗೆ ಬೀಳಬೇಕಿತ್ತಾ?"

ಎಗೋನ್ ಎದ್ದು ನಿಂತ. "ತಪ್ಪಾಯ್ತು ಸಿಸೆಲ್. ದೊಡ್ಡ ತಪ್ಪು. ಹೋಗ್ಬೇಡ."

"ಒಂಬತ್ತು ವರ್ಷದಲ್ಲಿ ಹುಟ್ಟುಹಬ್ಬ ಯಾವತ್ತು ಅಂತ ಒಂದು ಸಲ ಬಾಯಿಬಿಟ್ಟಿದ್ಯಾ?"

"ನೀನು ಕೇಳ್ಲಿಲ್ಲ."

"ಕೇಳಿದ್ರೆ ಆಲೂಗಡ್ಡೆ ಸುಲಿ ಹೋಗು ಅಂತಿದ್ದೆ."

ಬಂದರಿನಲ್ಲಿ ಹಡಗು ಕೂಗಿತು. ಸಿಸೆಲ್ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು.

"ಬೆಳಗ್ಗೆ ಎಂಟಕ್ಕೆ ಏರಿಸ್ತೀನಿ," ಎಂದಳು. "ಹುಟ್ಟುಹಬ್ಬದವನು ಎದ್ದು ಬಂದಾಗ ಬಾವುಟ ಹಾರ್ತಾ ಇರಬೇಕು. ಅಷ್ಟು ಹೊತ್ತು ಮಲಗಿರ್ತೀಯಾ?"

"ಮಲಗಿರ್ತೀನಿ," ಎಂದ ಎಗೋನ್, ಐವತ್ತು ವರ್ಷದಿಂದ ಐದಕ್ಕೇ ಏಳುವವನು.