ಕೆಂಚವ್ವ ಆರಿಸಿದ ಮೂರು ಆಯುಧ

ಕತ್ತಿಗೂ ಹೆಸರಿಟ್ಟು ತೊಟ್ಟಿಲಿಗೆ ಹಾಕುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ, ಏಳು ಗುಡ್ಡಗಳ ಆಚೆ, ಹೊಂಬೆಟ್ಟ ಅಂತ ಒಂದು ರಾಜ್ಯ. ಅದಕ್ಕೆ ಜಟ್ಟಿಂಗರಾಯ ಅಂತ ಒಬ್ಬ ಅರಸ. ಅರಸ ಒಳ್ಳೆಯವನೇ, ಆದರೆ ಆಯುಧದ ಹುಚ್ಚು ಅಂದರೆ ಹುಚ್ಚು. ಉಣ್ಣಲಿಕ್ಕೆ ಕೂತರೂ ಮಗ್ಗುಲಲ್ಲಿ ಒಂದು ಕತ್ತಿ ಇರಬೇಕು. ಅವನ ಆಯುಧಶಾಲೆಯಲ್ಲಿ ಸಾವಿರದೊಂದು ಆಯುಧಗಳಿದ್ದವು. ಅವನ್ನು ಕಾಯಲಿಕ್ಕೆ ಭರಮಪ್ಪ ಅನ್ನುವ ಮುದುಕನಿದ್ದ.

ಈ ಭರಮಪ್ಪನ ವಿಷಯ ಸ್ವಲ್ಪ ಹೇಳಬೇಕು. ಮನುಷ್ಯ ಹುಟ್ಟಿದಾಗಿನಿಂದ ಒಂದು ಬೆಕ್ಕಿಗೂ ಹೊಡೆದವನಲ್ಲ. ಆದರೆ ಯಾವ ಆಯುಧ ಮೇಲು, ಯಾವುದು ಕೀಳು ಅಂತ ಬೆಳಗಿನಿಂದ ಸಂಜೆತನಕ ಹೇಳುತ್ತಿದ್ದ. ಮೊದಲು ಅಂಗೈ ಮೇಲಿಟ್ಟು ತೂಕ ನೋಡುವನು. ಆಮೇಲೆ ಬಿಗಿಯಾಗಿ ಹಿಡಿದು ಹಿಡಿತ ನೋಡುವನು. ಕಡೆಗೆ ಕಲ್ಲಿಗೆ ಬಡಿದು ನಾದ ಕೇಳುವನು. ತೂಕ, ಹಿಡಿತ, ನಾದ. ಮೂರೂ ಆದಮೇಲೆ ಕಣ್ಣು ಮುಚ್ಚಿ "ಮೊದಲನೇ ದರ್ಜೆ" ಅಂತಲೋ "ಮೂರನೇ ದರ್ಜೆ" ಅಂತಲೋ ಅಂದುಬಿಟ್ಟರೆ ಮುಗಿಯಿತು. ಅದನ್ನು ಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತಿದ್ದ. ಅದನ್ನು ಅಳಿಸುವ ಧೈರ್ಯ ಅರಸನಿಗೂ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹೊಂಬೆಟ್ಟದ ಒಲೆಗಳೆಲ್ಲ ಒಮ್ಮೆಗೇ ತಣ್ಣಗಾದವು. ಊದಿದರೆ ಬೂದಿ ಹಾರಿತು, ಕೆಂಡ ಕಾಣಲಿಲ್ಲ. ಚಕಮಕಿ ಕಲ್ಲು ಉಜ್ಜಿದರೆ ಬೆರಳು ಸವೆಯಿತೇ ಹೊರತು ಕಿಡಿ ಹುಟ್ಟಲಿಲ್ಲ. ತಿರುಗುಣಿ ಅನ್ನುವ ಮಾಟಗಾರ ರಾಜ್ಯದ ಬೆಂಕಿಯನ್ನೆಲ್ಲ ಒಂದು ತೊಗಲಿನ ಕಪ್ಪೆಯ ಹೊಟ್ಟೆಗೆ ತುಂಬಿಸಿ, ಆ ಕಪ್ಪೆಯನ್ನು ಕಂಕುಳಲ್ಲಿ ಇರುಕಿಕೊಂಡು ಕರಿಗುಡ್ಡ ಹತ್ತಿ ಕೂತಿದ್ದ. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಒಬ್ಬನಿಗೆ ಗೊತ್ತಿತ್ತು, ಅವನು ಬಾಯಿ ಬಿಟ್ಟಿರಲಿಲ್ಲ. ಅದೇ ಬೆಳಿಗ್ಗೆ ಊರಲ್ಲಿ ಮೂರು ಸಾಮಾನುಗಳೂ ಕಾಣೆಯಾಗಿದ್ದವು: ಅರಮನೆ ಅಡಿಗೆಮನೆಯ ರುಬ್ಬುವ ಗುಂಡುಕಲ್ಲು, ಕುಲುಮೆಮನೆಯ ತಾಮ್ರದ ಹಂಡೆ, ಅದೇ ಕುಲುಮೆಯ ಗಾಳಿ ಊದುವ ತಿದಿ. ಇಲಿ ಎಳೆದುಕೊಂಡು ಹೋಗುವ ಸಾಮಾನುಗಳಲ್ಲ ಇವು.

ಮೊದಲ ತಿಂಗಳು ಜನ ನೆನೆಸಿದ ಅವಲಕ್ಕಿ ತಿಂದರು. ಎರಡನೇ ತಿಂಗಳು ನೆನೆಗಡಲೆ. ಮೂರನೇ ತಿಂಗಳು ಸೌತೆಕಾಯಿ, ಗಜ್ಜರಿ, ಮತ್ತೆ ಸೌತೆಕಾಯಿ. ರೊಟ್ಟಿ ಬಡಿಯುವ ಸದ್ದು ಕೇಳದೆ ದೊಡ್ಡ ದೊಡ್ಡ ಪೈಲ್ವಾನರು ಸೊರಗಿದರು. ಅರಮನೆಯ ಅಡಿಗೆಯವನಂತೂ ತಣ್ಣನೆಯ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಪಾಪ, ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ.

ಆ ಕುಲುಮೆಮನೆಯಲ್ಲಿ ಇದ್ದವರು ಅಕ್ಕತಂಗಿ ಇಬ್ಬರೇ. ತಂಗಿ ಕೆಂಚವ್ವ ಸುತ್ತಿಗೆ ಹಿಡಿದು ಕಬ್ಬಿಣ ಬಡಿಯುವವಳು, ಊರಿನ ನೇಗಿಲ ಕುಡ, ಕುಡಗೋಲು ಎಲ್ಲ ಅವಳ ಕೈಯಲ್ಲೇ ರಿಪೇರಿ. ಅಕ್ಕ ದುಂಡವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತವರು ಅಂದರೆ ಈ ತಂಗಿಯೇ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದಳು.

"ಇನ್ನ ನಾಕು ದಿನ. ಮಾಗಿ ಚಳಿ ಬ್ಯಾರೆ. ಎರೆಯಾಕ ಬಿಸಿನೀರು ಬೇಕು, ಹೊರಸಿನ ಕೆಳಗ ಕೆಂಡ ಬೇಕು. ಇಲ್ಲಾಂದ್ರ ಕೂಸು ಉಳೀತೈತಿ ಅಂತ ನಾ ಮಾತು ಕೊಡಂಗಿಲ್ಲ."

ದುಂಡವ್ವ ಅಳಲಿಲ್ಲ. ತಂಗಿಯ ಮುಖ ನೋಡಿದಳು, ಅಷ್ಟೆ.

"ಅಕ್ಕಾ, ನಾ ಹೋಗಿ ಬೆಂಕಿ ತರ್ತೀನಿ."

"ಹನ್ನೊಂದು ಮಂದಿ ಪೈಲ್ವಾನರು ಹೋಗಿ ಓಡಿ ಬಂದಾರ, ಹುಚ್ಚಿ."

"ಅವರ ಅಕ್ಕ ಬಸುರಿ ಇರಲಿಲ್ಲ" ಅಂದವಳೇ ಕೆಂಚವ್ವ ಸೆರಗು ಸೊಂಟಕ್ಕೆ ಕಟ್ಟಿ ಅರಮನೆಗೆ ನಡೆದಳು.

ಅರಸ ಆಗಲೇ ಡಂಗುರ ಸಾರಿಸಿದ್ದ: ತಿರುಗುಣಿಯ ಮೇಲೆ ಹೋಗುವವರು ಆಯುಧಶಾಲೆಯ ಒಳಗಿರುವುದರಲ್ಲಿ ಯಾವುದಾದರೂ ಮೂರನ್ನು ಆರಿಸಿಕೊಳ್ಳಬಹುದು. ಹನ್ನೊಂದು ಪೈಲ್ವಾನರೂ ಗೋಡೆ ನೋಡಿ ಮೊದಲನೇ ದರ್ಜೆಯ ಮೂರನ್ನೇ ಒಯ್ದಿದ್ದರು: ಆಳೆತ್ತರದ ಖಡ್ಗ, ಉಕ್ಕಿನ ಗದೆ, ಬಂಗಾರದ ಹಿಡಿಯ ಗಂಡುಗೊಡಲಿ. ಓಡುವಾಗ ಎಲ್ಲವನ್ನೂ ಅಲ್ಲೇ ಬಿಸಾಕಿದ್ದರು. ತಿರುಗುಣಿಯ ಹದ್ದು ಅವನ್ನು ಹೊತ್ತು ತಂದು ಕೋಟೆ ಬಾಗಿಲಲ್ಲಿ ಉದುರಿಸಿ ಹೋಗುತ್ತಿತ್ತು, ಅಣಕಿಸಲಿಕ್ಕೆ. ಆ ಮುರುಕಲು ಆಯುಧಶಾಲೆಯ ಹಿಂದೆ ರಾಶಿ ಬಿದ್ದಿತ್ತು.

ಭರಮಪ್ಪ ಗೋಡೆಯ ಮುಂದೆ ನಿಂತು ಶುರು ಹಚ್ಚಿಕೊಂಡ. "ನೋಡವ್ವಾ, ಈ ಖಡ್ಗದ ನಾದ ಕೇಳಿದ್ರ..."

"ಅಜ್ಜಾ, ಹಿಂದಿನ ಮುರುಕಲು ರಾಶಿ ತೋರಸ್ರಿ."

"ಇಷ್ಟು ಚೆಂದ ಚೆಂದ ಆಯುಧ ಇರೂವಾಗ ಆ ಕಸ ಯಾಕ?"

"ಗೋಡೆ ಮ್ಯಾಲಿನವು ಇನ್ನೂ ಯಾರಿಗೂ ಹೊಡದಿಲ್ಲ ಅಜ್ಜಾ. ಅವಕ್ಕೇನು ಗೊತ್ತು?"

ಕೆಂಚವ್ವ ಅರ್ಧ ದಿನ ಆ ರಾಶಿಯ ಮುಂದೆ ಕೂತಳು. ಹನ್ನೊಂದು ಖಡ್ಗಗಳೂ ತುದಿಯ ಗೇಣುದ್ದದಲ್ಲಿ ಮುರಿದಿದ್ದವು. ಅಲಗಿನ ಬಾಯಿಗೆ ಕಲ್ಲಿನ ಪುಡಿ ಮೆತ್ತಿತ್ತು. ಓಡಿ ಬಂದ ಪೈಲ್ವಾನನೊಬ್ಬನನ್ನು ಕರೆಸಿ ಕೇಳಿದಳು.

"ಅಣ್ಣಾ, ಮೊದಲು ಎದುರಾಗೋದು ಏನು?"

"ಕಲ್ಲುಹಂದಿ. ಎರಡು ಬಂಡೆ ನಡುವಿನ ಸಂದಿಯೊಳಗ ಇರ್ತೈತಿ. ಮೈಯೆಲ್ಲ ಕಲ್ಲು, ನೆತ್ತಿ ಮ್ಯಾಲ ಒಂದು ತೂತು."

"ಸಂದಿ ಎಷ್ಟಗಲ?"

ಪೈಲ್ವಾನ ತನ್ನ ಎರಡೂ ಮೊಣಕೈ ಚಾಚಿ ತೋರಿಸಿದ.

"ಹಂಗಾದ್ರ ನೀವು ಹಂದಿಗೆ ಹೊಡದಿಲ್ಲಣ್ಣಾ, ಬಂಡೆಗೆ ಹೊಡದೀರಿ" ಅಂದಳು ಕೆಂಚವ್ವ. ಪೈಲ್ವಾನ ಮೀಸೆ ಕೆಳಗೆ ಮಾಡಿಕೊಂಡು ಹೋದ.

ಆಮೇಲೆ ಗದೆಗಳನ್ನು ನೋಡಿದಳು. ತಲೆಗೆ ಒಂದು ಗೀರೂ ಇಲ್ಲ, ಆದರೆ ಹಿಡಿಯ ಮೇಲಿನ ಚರ್ಮ ಕಿತ್ತು ಬಂದಿತ್ತು. ಹಂದಿಯಿಂದ ಹೇಗೋ ನುಸುಳಿ ಹೋದರೆ ಎರಡನೆಯದು ಬಯಲಲ್ಲಿ ನಿಲ್ಲುವ ತಾಮ್ರದ ಆನೆಯಂತೆ. ಹೊಡೆದರೆ ಗಂಟೆಯ ಹಾಗೆ ಮೊಳಗುತ್ತದಂತೆ, ಕೈ ಭುಜದತನಕ ಜುಂ ಅಂದು ಗದೆ ತಾನಾಗಿ ಬಿದ್ದುಹೋಗುತ್ತದಂತೆ. ತಣ್ಣಗಿನ ಲೋಹಕ್ಕೆ ಹೊಡೆದರೆ ಏಟು ಕೈಗೇ ತಿರುಗಿ ಬರುತ್ತದೆ ಅನ್ನುವುದು ಕುಲುಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೂರನೆಯವನು ತಿರುಗುಣಿ. ಅವನ ತನಕ ಯಾರೂ ಮುಟ್ಟಿರಲಿಲ್ಲ, ಗಂಡುಗೊಡಲಿಗಳೆಲ್ಲ ಒಂದು ಗೀರೂ ಇಲ್ಲದೆ ಹಾಗೇ ಇದ್ದವು. ಹಾಗಾಗಿ ರಾಶಿಯಲ್ಲಿ ಅವನ ಗುರುತು ಹೇಳುವ ಒಂದು ಚೂರೂ ಇರಲಿಲ್ಲ.

"ಅಜ್ಜಾ, ತಿರುಗುಣಿ ಎಂಥಾವ?"

ಸಾವಿರದೊಂದು ಆಯುಧದ ಬಗ್ಗೆ ಬಾಯಿ ಮುಚ್ಚದ ಮುದುಕ ಈ ಒಂದು ಮಾತಿಗೆ ತೆಪ್ಪಗಾದ. ಗೋಡೆ ನೋಡಿದ, ಸೂರು ನೋಡಿದ, "ನನಗೇನು ಗೊತ್ತವ್ವಾ" ಅಂದ. ಕೆಂಚವ್ವ ಅದನ್ನು ಗಮನಿಸಿದಳು.

ಅರಸ ಬಂದು ಕೇಳಿದ. "ಏನೇನು ಆರಿಸಿದೆ ಮಗಳೇ?"

"ಒಂದು, ಆ ಮೊಳದುದ್ದದ ಕಠಾರಿ." ಅದು ಮೂರನೇ ದರ್ಜೆ. ಅದರಿಂದ ಭರಮಪ್ಪ ಕೊಬ್ಬರಿ ಕೆರೆಯುತ್ತಿದ್ದ. "ಎರಡು, ಸರಪಳಿಗೆ ಕಟ್ಟಿದ ಆ ಕಬ್ಬಿಣದ ಗುಂಡು." ಅದಕ್ಕೆ ದರ್ಜೆಯೇ ಇರಲಿಲ್ಲ, ಬಾಗಿಲು ಬಡಿದುಕೊಳ್ಳದ ಹಾಗೆ ಒತ್ತಿಗೆ ಇಟ್ಟಿದ್ದರು. "ಮೂರು, ಈ ಅಜ್ಜ."

"ಭರಮಪ್ಪ ಆಯುಧ ಅಲ್ಲವಲ್ಲಾ."

"ಆಯುಧಶಾಲೆ ಒಳಗಿರೋದು ಯಾವುದಾದರೂ ಅಂತ ಡಂಗುರ ಸಾರಿಸೀರಿ, ಧಣಿ."

ಮೂರು ತಿಂಗಳ ಮೇಲೆ ಅರಸ ಮೊದಲ ಸಲ ನಕ್ಕ. ಭರಮಪ್ಪ ಮಾತ್ರ ನಗಲಿಲ್ಲ.

ಒಂದು ದಿನ ನಡೆದರು, ಸಂದಿ ಬಂತು. ಕಲ್ಲುಹಂದಿ ಗುರ್ ಅಂತ ನುಗ್ಗಿತು. ಭರಮಪ್ಪ ಕೆಂಚವ್ವನ ಸೆರಗಿನ ತುದಿ ಹಿಡಿದು ಕಣ್ಣು ಮುಚ್ಚಿದ. ಕೆಂಚವ್ವ ಓಡಲಿಲ್ಲ, ಕೈ ಬೀಸಲಿಲ್ಲ. ಅದು ಮೊಳದಷ್ಟು ಹತ್ತಿರ ಬರುವ ತನಕ ಕಾದು, ನೆತ್ತಿಯ ತೂತಿಗೆ ಕಠಾರಿ ಇಳಿಸಿದಳು. ಹಂದಿ ದಡ್ ಅಂತ ಉರುಳಿ ಗುಂಡುಕಲ್ಲಾಯಿತು. ಅರಮನೆ ಅಡಿಗೆಮನೆಯದೇ, ಗೂಟದ ತೂತು ಸಹ ಹಾಗೇ ಇತ್ತು.

"ಕಠಾರಿ ಎರಡನೇ ದರ್ಜೆಗೆ ಏರಿತು" ಅಂದ ಭರಮಪ್ಪ, ಕಣ್ಣು ಬಿಟ್ಟು.

"ಕಲ್ಲು ಹೊತ್ತುಕೋರಿ ಅಜ್ಜಾ."

ಮತ್ತೊಂದು ದಿನ ನಡೆದರು, ಬಯಲು ಬಂತು. ತಾಮ್ರದ ಆನೆ ಬಿಸಿಲಿಗೆ ಥಳಥಳ ಹೊಳೆಯುತ್ತ ನಿಂತಿತ್ತು. ಭರಮಪ್ಪ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಕೆಂಚವ್ವ ಸರಪಳಿ ತಿರುಗಿಸಿ ತಿರುಗಿಸಿ ಬೀಸಿದಳು. ಗಂಯ್ ಅಂತ ಬಯಲೆಲ್ಲ ಮೊಳಗಿತು, ಆದರೆ ಆ ನಡುಕವನ್ನೆಲ್ಲ ಸರಪಳಿಯೇ ನುಂಗಿತು, ಅವಳ ಕೈಗೆ ಬರಲಿಲ್ಲ. ಎರಡನೇ ಏಟಿಗೆ ಆನೆ ಮಂಡಿಯೂರಿತು. ಮೂರನೇ ಏಟಿಗೆ ಹಂಡೆಯಾಯಿತು. ಕೆಂಚವ್ವ ಅದರ ಕಂಠ ಸವರಿ ನೋಡಿದಳು. ಅವ್ವನ ಕಾಲದ ಹಂಡೆ, ಅಕ್ಕನಿಗೆ ನೀರು ಕಾಯಿಸಲಿಕ್ಕೆ ಬೆಳಗಿ ಇಟ್ಟದ್ದು. ಅವಳಿಗೆ ಅಳು ಬಂತು, ನಗುವೂ ಬಂತು.

ಗುಂಡುಕಲ್ಲನ್ನು ಹಂಡೆಯೊಳಗಿಟ್ಟು, ಹಂಡೆಯ ಕಿವಿಗಳಿಗೆ ಸರಪಳಿ ಪೋಣಿಸಿ, ಇಬ್ಬರೂ ಹೊತ್ತುಕೊಂಡು ಕರಿಗುಡ್ಡ ಹತ್ತಿದರು. ಮೂರನೇ ದಿನ ಬೆಳಿಗ್ಗೆ ತುದಿ ಮುಟ್ಟಿದರು.

ತಿರುಗುಣಿ ಜಗಲಿಯ ಮೇಲೆ ಕೂತಿದ್ದ. ಕಂಕುಳಲ್ಲಿ ಕಪ್ಪೆ, ಕೈಯಲ್ಲಿ ಮಂತ್ರದಂಡ. ಕಪ್ಪೆ ಬಾಯಿ ತೆರೆದಾಗಲೆಲ್ಲ ಒಳಗೆ ಹೊಂಬೆಟ್ಟದ ಒಲೆಗಳೆಲ್ಲ ಉರಿಯುವುದು ಕಾಣುತ್ತಿತ್ತು. ಅವನು ಕೆಂಚವ್ವನನ್ನು ನೋಡಲೇ ಇಲ್ಲ. ಅವನ ಕಣ್ಣು ಮುದುಕನ ಮೇಲೆ ನೆಟ್ಟಿತು.

"ನೀನಾ" ಅಂದ. "ಐದು ವರ್ಷದ ಹಿಂದ ಈ ದಂಡ ಹೊತ್ತುಕೊಂಡು ನಿನ್ನ ಬಾಗಿಲಿಗೆ ಬಂದಿದ್ದೆ. ನೀ ಮುಟ್ಟಿ ಸಹ ನೋಡಲಿಲ್ಲ. ಎಮ್ಮೆ ಕಾಯೋ ಕೋಲು, ದರ್ಜೆ ಇಲ್ಲ ಅಂದಿ. ಅವತ್ತು ಬಾಗಿಲಾಗ ನಿಂತ ಮಂದಿಯೆಲ್ಲ ನಕ್ಕರು. ಈಗ ನೋಡು, ಬೆಂಕಿ ಇಲ್ಲದ ನಿನ್ನ ರಾಜ್ಯದಾಗ ಇನ್ನೊಂದು ಆಯುಧ ಹುಟ್ಟಂಗಿಲ್ಲ. ನನ್ನ ದಂಡಾನ ಮೇಲು."

ಕೆಂಚವ್ವ ತಿರುಗಿದಳು. "ಖರೇನಾ ಅಜ್ಜಾ?"

"ಖರೇ" ಅಂದ ಭರಮಪ್ಪ. "ಅವತ್ತು ಹಸಿವಾಗಿತ್ತು."

ಅವಳಿಗೆ ಬಂದ ಸಿಟ್ಟಿಗೆ ಆ ಮುದುಕನನ್ನೇ ಸರಪಳಿಗೆ ಕಟ್ಟಿ ಬೀಸಬೇಕಿತ್ತು. ನಾನಾಗಿದ್ದರೆ ಬೀಸಿಯೇ ಬಿಡುತ್ತಿದ್ದೆ. ಊರಿಗೆ ಊರೇ ಮೂರು ತಿಂಗಳು ಸೌತೆಕಾಯಿ ತಿಂದದ್ದು ಒಬ್ಬನ ಹೊಟ್ಟೆ ಹಸಿವಿನಿಂದ.

"ನನ್ನ ದಂಡ ಎಲ್ಲಾಕ್ಕಿಂತ ಮೇಲು ಅಂತ ಹೇಳು, ಬೆಂಕಿ ಬಿಡ್ತೀನಿ" ಅಂದ ತಿರುಗುಣಿ.

"ಹೇಳಿಬಿಡ್ರಿ ಅಜ್ಜಾ. ನಾಳೆಗೆ ಅಕ್ಕನ ದಿನ ತುಂಬ್ತಾವ."

ಭರಮಪ್ಪ ಆಗದು ಅಂತ ತಲೆ ಅಲ್ಲಾಡಿಸಿದ. "ನೋಡದೇ ಕೀಳು ಅಂದದ್ದು ನನ್ನ ತಪ್ಪು, ತಿರುಗುಣಿ. ಕೈ ಮುಗೀತೀನಿ. ಈಗ ನೋಡದೇ ಮೇಲು ಅಂದ್ರ ಅದೂ ತಪ್ಪ ಆಗ್ತೈತಿ. ಆ ಮಾತು ನಿನಗಾದರೂ ಯಾಕ ಬೇಕು? ತೂಕ, ಹಿಡಿತ, ನಾದ. ಮೂರೂ ನೋಡ್ತೀನಿ. ಇದ್ದದ್ದು ಇದ್ದಂಗ ಹೇಳ್ತೀನಿ."

ಮಾಟಗಾರನ ಮುಖ ಅರಳಿತು. ಐದು ವರ್ಷದಿಂದ ಅವನಿಗೆ ಬೇಕಿದ್ದದ್ದು ಇದೊಂದೇ. ಕಪ್ಪೆಯನ್ನು ಕೆಳಗಿಟ್ಟು ಎರಡೂ ಕೈಯಿಂದ ದಂಡ ಕೊಟ್ಟ.

ಭರಮಪ್ಪ ಅಂಗೈ ಮೇಲಿಟ್ಟು ತೂಗಿದ. "ತೂಕ ಮೊದಲನೇ ದರ್ಜೆ." ತಿರುಗುಣಿಯ ಕಣ್ಣು ಒದ್ದೆಯಾದವು. ಭರಮಪ್ಪ ಬಿಗಿಯಾಗಿ ಹಿಡಿದು ನೋಡಿದ. "ಹಿಡಿತ ಮೊದಲನೇ ದರ್ಜೆ." ತಿರುಗುಣಿ ಕುಣಿಯುವುದೊಂದು ಬಾಕಿ. ಆದರೆ ದಂಡ ಅತ್ತಿತ್ತ ತಿರುಗುವಾಗ, ಹಿಡಿಯ ಕೆಳಗೆ ಕೂದಲೆಳೆಯಷ್ಟು ಸೀಳು ಇದ್ದದ್ದನ್ನು ಕುಲುಮೆಯ ಕಣ್ಣು ಕಂಡಿತ್ತು. ಕೆಂಚವ್ವ ಹಂಡೆಯಿಂದ ಗುಂಡುಕಲ್ಲು ಎತ್ತಿ ಜಗಲಿಯ ಮೇಲಿಟ್ಟಳು.

"ನಾದಕ್ಕ ಕಲ್ಲು ಬೇಕಲ್ಲ ಅಜ್ಜಾ."

"ಕೊಡು ಇಲ್ಲಿ, ನಾದ ನಾನಾ ಕೇಳಸ್ತೀನಿ" ಅಂತ ತಿರುಗುಣಿ ದಂಡ ಕಸಿದುಕೊಂಡು, ಐದು ವರ್ಷದ ಸಂಕಟವನ್ನೆಲ್ಲ ಸೇರಿಸಿ ಕಲ್ಲಿಗೆ ಬಡಿದ.

ಪಟ್ ಅಂತ ದಂಡ ಎರಡಾಯಿತು.

ಭರಮಪ್ಪ ಕಣ್ಣು ಮುಚ್ಚಿ ಹೇಳಿದ. "ನಾದ ಮೂರನೇ ದರ್ಜೆ."

ದಂಡ ಮುರಿದದ್ದೇ ತಡ, ಕಪ್ಪೆ ಉಬ್ಬಿ ಉಬ್ಬಿ ತಿದಿಯಾಯಿತು, ಕೆಂಚವ್ವನ ಅಪ್ಪ ಹೊಲಿದ ಅದೇ ತಿದಿ. ಅವಳು ಕೂತು ಒತ್ತಿದಳು. ಮೊದಲನೇ ಒತ್ತಿಗೆ ಕಿಡಿಗಳು ಜೇನುಹುಳದಂತೆ ಎದ್ದು ಹೊಂಬೆಟ್ಟದ ಕಡೆ ಹಾರಿದವು. ಎರಡನೇ ಒತ್ತಿಗೆ ಒಂದೊಂದು ಕಿಡಿಯೂ ತನ್ನ ತನ್ನ ಒಲೆ ಹುಡುಕಿಕೊಂಡಿತು, ಕೆಳಗೆ ಮನೆ ಮನೆಯಿಂದಲೂ ಹೊಗೆ ಎದ್ದಿತು. ಮೂರನೇ ಒತ್ತಿಗೆ ಉಳಿದ ಕೆಂಡವೆಲ್ಲ ಹಂಡೆಗೆ ಬಿತ್ತು.

ತಿರುಗುಣಿ ಮುರಿದ ಚೂರುಗಳನ್ನು ಹಿಡಿದು ಮಗುವಿನ ಹಾಗೆ ಬಿಕ್ಕುತ್ತಿದ್ದ. ಭರಮಪ್ಪ ಅವನ ಬೆನ್ನು ಸವರಿದ.

"ಮೂರರಾಗ ಎರಡು ಮೊದಲನೇ ದರ್ಜೆ ಅಂದ್ರ ಸಣ್ಣ ಮಾತಲ್ಲಪಾ. ನಡಿ ನನ್ನ ಕೂಡ. ಆ ಆಯುಧಶಾಲೆಯೊಳಗ ಮಾತಾಡಾಕ ನನಗೂ ಒಬ್ಬರು ಬೇಕು."

"ಆದರ ಹಂಡೆ ಇವನಾ ಹೊರಬೇಕು" ಅಂದಳು ಕೆಂಚವ್ವ.

ಹೊತ್ತ. ಬೆವರು ಸುರಿಸುತ್ತ, ಎಲ್ಲೂ ಕೆಳಗಿಳಿಸದೆ ಹೊತ್ತ. ಎರಡು ದಿನದ ಹಾದಿಯನ್ನು ಮೂವರೂ ಒಂದೇ ದಿನದಲ್ಲಿ ನಡೆದರು. ಬೆಳಗಿನ ಜಾವ ಕುಲುಮೆಮನೆಯ ಅಂಗಳಕ್ಕೆ ಕಾಲಿಟ್ಟಾಗ ದುಂಡವ್ವನಿಗೆ ನೋವು ಶುರುವಾಗಿತ್ತು, ಒಲೆಯ ಮೇಲೆ ಸಣ್ಣ ಗಡಿಗೆಯಲ್ಲಿ ನೀರು ಆಗಲೇ ಸುಂಯ್ ಅನ್ನುತ್ತಿತ್ತು. ಕೆಂಚವ್ವ ಕೆಂಡವನ್ನು ಅಕ್ಕನ ಹೊರಸಿನ ಕೆಳಗೆ ಸುರಿದು, ಹಂಡೆ ಬೆಳಗಿ, ತುಂಬ ನೀರು ಕಾಯಿಸಿದಳು. ಹೊತ್ತೇರುವುದರೊಳಗೆ ಹೆಣ್ಣುಕೂಸು ಹುಟ್ಟಿತು. ಸೂಲಗಿತ್ತಿ ಬಿಸಿನೀರಲ್ಲಿ ಅದರ ಮೈ ತೊಳೆದಳು. ದುಂಡವ್ವ ತಂಗಿಯ ಮಸಿ ಹಿಡಿದ ಕೈಯನ್ನು ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಆಗ ಇಬ್ಬರೂ ಅತ್ತರು.

ಅವತ್ತು ಹೊಂಬೆಟ್ಟದ ಮನೆ ಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು. ಅರಮನೆಯ ಅಡಿಗೆಯವನು ಗುಂಡುಕಲ್ಲನ್ನು ತಬ್ಬಿಕೊಂಡು ಒಳಗೆ ಹೋದವನು ಸಂಜೆತನಕ ಹೊರಗೆ ಬರಲಿಲ್ಲ. ಅರಸ ಕತ್ತಿ ಮರೆತು ಬಂದು ಕೆಂಚವ್ವನ ಅಂಗಳದಲ್ಲೇ ಕೂತು ಏಳು ರೊಟ್ಟಿ ತಿಂದ.

"ಮಗಳೇ, ಮೂರರಲ್ಲಿ ಯಾವ ಆಯುಧ ಮೇಲು?" ಅಂತ ಕೇಳಿದ.

"ಅದನ್ನ ಹೇಳೋರು ನಾನಲ್ಲ ಧಣಿ" ಅಂದು ಅವಳು ಕೂಸನ್ನು ತಂದು ಭರಮಪ್ಪನ ಕೈಗೆ ಕೊಟ್ಟಳು.

ಮುದುಕ ತಬ್ಬಿಬ್ಬಾದ. ಆಮೇಲೆ ಕೈ ತನ್ನ ಕೆಲಸ ತಾನೇ ಮಾಡಿತು. ಕೂಸನ್ನು ಎರಡೂ ಅಂಗೈ ಮೇಲೆ ಮೆಲ್ಲಗೆ ತೂಗಿದ. "ತೂಕ ಸರಿ ಐತಿ." ಒಂದು ಬೆರಳು ಚಾಚಿದ. ಕೂಸು ಅದನ್ನು ಹಿಡಿದದ್ದು ಬಿಡಲಿಲ್ಲ. "ಹಿಡಿತ ಸರಿ ಐತಿ." ಇನ್ನು ನಾದ ಹೇಗೆ ನೋಡುವುದು ಅಂತ ಅವನು ಯೋಚಿಸುತ್ತಿರುವಾಗಲೇ ಕೂಸು ಬಾಯಿ ತೆರೆದು ಒಂದು ಕೂಗು ಹಾಕಿತು. ಕೋಟೆ ಬಾಗಿಲ ಕಾವಲಿನವನೂ ತಿರುಗಿ ನೋಡಿದ.

ಭರಮಪ್ಪ ಕಣ್ಣು ಮುಚ್ಚಿದ. "ಮೊದಲನೇ ದರ್ಜೆ" ಅಂದ. ತಿರುಗುಣಿಯೂ ತಕರಾರು ಮಾಡಲಿಲ್ಲ.

ಆವತ್ತು ಹೊತ್ತಿದ ಒಲೆಗಳು ಹೊಂಬೆಟ್ಟದಲ್ಲಿ ಇನ್ನೂ ಆರಿಲ್ಲ. ಅಲ್ಲಿಯವರೆಲ್ಲ ಬಿಸಿ ರೊಟ್ಟಿ ತಿಂದು ಸುಖವಾಗಿದ್ದಾರೆ. ನಿಮ್ಮ ರೊಟ್ಟಿ ಆರುತ್ತಿದೆ, ಏಳಿ, ನೀವೂ ಉಣ್ಣಿರಿ.